ಅಂಬಾಜಿದುರ್ಗದ ‘ಬಿಳಿ ಗರುಡ’ ಗರುಡವೂ ಅಲ್ಲ, ಅಲ್ಬಿನೋವೂ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಅಂಬಾಜಿದುರ್ಗದ ಬೆಟ್ಟದ ಮೇಲೆ ಹಾರುತ್ತಿದ್ದ ಹಕ್ಕಿಯೊಂದರ ಫೋಟೋ ನಾಲ್ಕು ಕಾಲಂ ಅಗಲವಾಗಿ ಅಚ್ಚಾಗಿತ್ತು. ‘ಅಪರೂಪದ ಅಲ್ಬಿನೋ ಗರುಡ ಪ್ರತ್ಯಕ್ಷ’ ಎಂದು ಶೀರ್ಷಿಕೆ. ಕೆಳಗಿನ ಬರಹದಲ್ಲಿ ಹಕ್ಕಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಊರವರು ಇದನ್ನು ಶುಭಸೂಚನೆ ಎಂದು ನಂಬಿದ್ದಾರೆ, ನೋಡಲು ಜನ ಬೆಟ್ಟ ಹತ್ತುತ್ತಿದ್ದಾರೆ ಎಂಬಷ್ಟೇ ಇತ್ತು. ಫೋಟೋ ಚೆನ್ನಾಗಿದೆ, ತೆಗೆದವರ ಕೈ ಸ್ಥಿರವಾಗಿದೆ. ಆದರೆ ಶೀರ್ಷಿಕೆಯ ನಾಲ್ಕು ಪದಗಳಲ್ಲಿ ‘ಪ್ರತ್ಯಕ್ಷ’ ಒಂದೇ ನಿಜ.

ನಾನು ಚಿಂತಾಮಣಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಹೆಂಗಸು. ಮದುವೆ, ನಾಮಕರಣ, ಆರತಕ್ಷತೆ, ಪಾಸ್‌ಪೋರ್ಟ್ ಅಳತೆಯ ಮುಖಗಳು ನನ್ನ ಹೊಟ್ಟೆಪಾಡು. ಧನುರ್ಮಾಸದಲ್ಲಿ ಮದುವೆಗಳು ಇರುವುದಿಲ್ಲ. ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತ ಕೂರುವ ಬದಲು ಉದ್ದ ಲೆನ್ಸ್ ಹೆಗಲಿಗೇರಿಸಿ ಅಂಬಾಜಿದುರ್ಗ, ಕೈಲಾಸಗಿರಿ, ಕೈವಾರದ ಬೆಟ್ಟಗಳ ಕಡೆ ಹೋಗುವುದು ನನ್ನ ಹಳೆಯ ರೂಢಿ. ಉತ್ತರದಿಂದ ಗಿಡುಗಗಳು ನಮ್ಮ ಸೀಮೆಗೆ ಬಂದು ತಂಗುವ ಕಾಲವೂ ಅದೇ ಆಗಿರುವುದು ನನ್ನ ಅದೃಷ್ಟ. ಹಕ್ಕಿಗಳ ಬಗ್ಗೆ ನನಗೆ ಪದವಿ ಇಲ್ಲ. ಬಿಳಿ ಬಣ್ಣ ಫೋಟೋದಲ್ಲಿ ಹೇಗೆಲ್ಲ ಸುಳ್ಳು ಹೇಳುತ್ತದೆ ಎಂಬುದು ಮಾತ್ರ ನನ್ನ ಕಸುಬಿಗೆ ಸೇರಿದ ವಿಷಯ. ಆ ಅಧಿಕಾರದಿಂದಲೇ ಬರೆಯುತ್ತಿದ್ದೇನೆ.

ನೀವು ಅಚ್ಚು ಹಾಕಿದ್ದು ಬೂಟೆಡ್ ಈಗಲ್ ಎಂಬ ಹಕ್ಕಿ. ಗಾತ್ರದಲ್ಲಿ ಊರ ಮೇಲೆ ಸುತ್ತುವ ಹದ್ದಿನಷ್ಟೇ. ದಕ್ಷಿಣ ಯುರೋಪು, ಉತ್ತರ ಆಫ್ರಿಕಾ, ಮಧ್ಯ ಏಷ್ಯಾ, ಹಿಮಾಲಯದ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಆಫ್ರಿಕಾಕ್ಕೂ ನಮ್ಮ ಬಯಲುಸೀಮೆಗೂ ಇಳಿದು ಬರುತ್ತದೆ. ಕಾಲಿನ ಬೆರಳುಗಳ ಬುಡದವರೆಗೂ ಪುಕ್ಕವಿರುವುದರಿಂದ ಆ ಹೆಸರು. ಈ ಜಾತಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಬಣ್ಣಗಳಿವೆ. ಒಂದು ಬಗೆಗೆ ಮೈಯೆಲ್ಲ ಕಂದು. ಇನ್ನೊಂದಕ್ಕೆ ಹೊಟ್ಟೆ, ಎದೆ ಮತ್ತು ರೆಕ್ಕೆಯ ಕೆಳಭಾಗದ ಮುಂದಿನ ಅರ್ಧ ಬಿಳಿ, ಹಿಂದಿನ ಅರ್ಧದ ದೊಡ್ಡ ಗರಿಗಳು ಕಪ್ಪು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಕಪ್ಪು, ಒಬ್ಬರು ಕೆಂಪು ಹುಟ್ಟುವಂತೆ ಇದು ಹುಟ್ಟಿನಿಂದ ಬಂದದ್ದು. ಗಂಡು ಹೆಣ್ಣಿನ ಭೇದವಲ್ಲ, ವಯಸ್ಸಾದಂತೆ ಬದಲಾಗುವುದೂ ಇಲ್ಲ. ಬಿಳಿ ಬಗೆಯೇ ಹೆಚ್ಚಾಗಿ ಕಾಣಸಿಗುವುದು ಎಂದ ಮೇಲೆ ‘ಅಪರೂಪ’ ಎಂಬ ಪದಕ್ಕೆ ಇಲ್ಲಿ ಜಾಗವಿಲ್ಲ.

ನಿಮ್ಮ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ರೆಕ್ಕೆಯ ಹಿಂಭಾಗದ ಗರಿಗಳು ಕಡುಕಪ್ಪಾಗಿವೆ. ಬಾಲ ಮಾಸಲು ಬೂದು, ಅದರಲ್ಲಿ ಪಟ್ಟೆಗಳಿಲ್ಲ, ತುದಿ ಹದ್ದಿನ ಬಾಲದಂತೆ ಕವಲೊಡೆದಿಲ್ಲ. ಕತ್ತಿಗೆ ರೆಕ್ಕೆ ಸೇರುವ ಕಡೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ಬಿಳಿ ಚುಕ್ಕೆ. ಹಕ್ಕಿ ನೋಡುವವರು ಈ ಚುಕ್ಕೆಗಳನ್ನು ವಿಮಾನದ ದೀಪಗಳು ಎಂದು ಕರೆಯುತ್ತಾರೆ. ಕಂದು ಬಗೆಯಲ್ಲೂ ಬಿಳಿ ಬಗೆಯಲ್ಲೂ ಅವು ಇರುತ್ತವೆ. ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ತೇಲಿ ಬಂದಾಗ ಅವು ಹೊತ್ತಿಸಿಟ್ಟಷ್ಟು ಸ್ಪಷ್ಟ. ನಿಮ್ಮ ಫೋಟೋದಲ್ಲಿ ಎಡಗಡೆಯದು ಅಚ್ಚಿನ ಮಸಿಯಲ್ಲೂ ಉಳಿದುಕೊಂಡಿದೆ.

ಅಲ್ಬಿನೋ ಆಗಿದ್ದರೆ ಆ ಕಪ್ಪು ಗರಿಗಳು ಎಲ್ಲಿಂದ ಬರಬೇಕು? ಪುಕ್ಕಕ್ಕೆ ಕಪ್ಪು, ಬೂದು, ಕಂದು, ಕೆಂಗಂದು ಬಣ್ಣಗಳನ್ನು ಕೊಡುವುದು ಮೆಲನಿನ್ ಎಂಬ ಬಣ್ಣದ್ರವ್ಯ. ಅದನ್ನು ತಯಾರಿಸಲು ಬೇಕಾದ ಕಿಣ್ವವೇ ಹುಟ್ಟಿನಿಂದ ಕೆಲಸ ಮಾಡದಿದ್ದರೆ ಅದು ಅಲ್ಬಿನೋ. ಆಗ ಮೈಯಲ್ಲಿ ಒಂದು ಎಳೆ ಕಪ್ಪೂ ಇರುವಂತಿಲ್ಲ, ಕಣ್ಣಿನಲ್ಲೂ ಇರುವಂತಿಲ್ಲ. ‘ಭಾಗಶಃ ಅಲ್ಬಿನೋ’ ಎಂದು ಕೆಲವರು ಬರೆಯುತ್ತಾರೆ. ಅರ್ಧ ಕಿಣ್ವ ಎಂಬುದಿಲ್ಲವಾದ್ದರಿಂದ ಆ ಮಾತಿಗೆ ಅರ್ಥವಿಲ್ಲ. ಕಾಲು ಮತ್ತು ಕೊಕ್ಕಿನ ಬುಡದ ಹಳದಿ ಮಾತ್ರ ಅಲ್ಬಿನೋದಲ್ಲೂ ಉಳಿಯಬಹುದು, ಏಕೆಂದರೆ ಅದು ಆಹಾರದಿಂದ ಬರುವ ಬೇರೆಯೇ ಬಣ್ಣದ್ರವ್ಯ.

ಕಣ್ಣಿನ ವಿಷಯ ಸ್ಟುಡಿಯೋದವರಿಗೆ ಚೆನ್ನಾಗಿ ಗೊತ್ತು. ಕತ್ತಲ ಮಂಟಪದಲ್ಲಿ ನೇರವಾಗಿ ಫ್ಲ್ಯಾಷ್ ಹೊಡೆದರೆ ಮದುಮಗಳ ಕಣ್ಣಪಾಪೆ ಕೆಂಪಾಗಿ ಬೀಳುತ್ತದೆ. ಕಣ್ಣಿನ ಹಿಂಭಾಗದ ರಕ್ತನಾಳಗಳಿಗೆ ತಾಗಿ ಬೆಳಕು ಮರಳುವುದೇ ಕಾರಣ. ಅಲ್ಬಿನೋ ಹಕ್ಕಿಯಲ್ಲಿ ಬಣ್ಣದ ಪರದೆಯೇ ಇಲ್ಲದ್ದರಿಂದ ಹಗಲಿನಲ್ಲೂ ಪಾಪೆ ಕೆಂಪು ಅಥವಾ ಗುಲಾಬಿ. ಪಾಪೆಯ ಸುತ್ತಲಿನ ಬಳೆ ಕೆಂಪಾಗಿದ್ದರೆ ಅದು ಲೆಕ್ಕಕ್ಕಿಲ್ಲ. ನಮ್ಮ ತೋಪುಗಳಲ್ಲಿ ಓತಿಕ್ಯಾತ ಹಿಡಿಯುವ ಶಿಕ್ರಾ, ಅಂದರೆ ನಮ್ಮ ಹಿರಿಯರ ಡೇಗೆ, ಬಲಿತ ಗಂಡಾಗಿದ್ದರೆ ಅದರ ಕಣ್ಣು ಕೆಂಪೇ, ನಡುವಿನ ಪಾಪೆ ಮಾತ್ರ ಕಪ್ಪು. ಹೊಲದ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಇಲಿ ಹುಡುಕುವ ಕಪ್ಪು ರೆಕ್ಕೆಯ ಗಿಡುಗದ್ದೂ ಹಾಗೆಯೇ. ರಾಗಿ ಕೊಯ್ದ ಹೊಲಗಳ ವಿದ್ಯುತ್ ತಂತಿಯ ಮೇಲೆ ಅದು ಕೂರುವುದು ಸಾಮಾನ್ಯ ನೋಟ. ಹೊಟ್ಟೆ ಬಿಳಿ, ಬೆನ್ನು ತಿಳಿಬೂದು, ಭುಜದಲ್ಲಿ ಕಪ್ಪು, ಕಣ್ಣು ಕೆಂಪು. ಇದನ್ನೇ ‘ಕೆಂಪು ಕಣ್ಣಿನ ಬಿಳಿ ಡೇಗೆ, ಖಂಡಿತ ಅಲ್ಬಿನೋ’ ಎಂದು ಮೊಬೈಲಿನಲ್ಲಿ ತೋರಿಸಲು ನನ್ನ ಅಂಗಡಿಗೆ ಬರುವವರು ಎಷ್ಟೋ ಜನ.

ಇನ್ನೂ ಒಂದು ಮಾತು. ಅಲ್ಬಿನೋಗೆ ದೃಷ್ಟಿ ಮಂದ, ಬಿಸಿಲು ಸಹಿಸುವುದಿಲ್ಲ, ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಕಾಳು ತಿನ್ನುವ ಹಕ್ಕಿ ಹೇಗೋ ಕೆಲವು ದಿನ ತಳ್ಳೀತು. ಆಕಾಶದಿಂದ ಹುಲ್ಲಿನೊಳಗಿನ ಇಲಿಯನ್ನು ಕಂಡು ಎರಗಬೇಕಾದ ಗಿಡುಗ ಗೂಡು ಬಿಟ್ಟು ಬಹಳ ದಿನ ಬದುಕಲಾರದು. ನಡು ಮಧ್ಯಾಹ್ನ ಬೆಟ್ಟದ ಮೇಲೆ ನಿರಾಳವಾಗಿ ಸುತ್ತು ಹಾಕುತ್ತಿರುವ, ಮೈ ತುಂಬಿದ, ಬಲಿತ ಬಿಳಿ ಗಿಡುಗವನ್ನು ಕಂಡರೆ ಮೊದಲು ಕೈಬಿಡಬೇಕಾದ ಊಹೆಯೇ ಅಲ್ಬಿನೋ.

ಗರುಡ ಎಂದದ್ದಕ್ಕೂ ಆಧಾರವಿಲ್ಲ. ನಮ್ಮ ಜನ ಭಾನುವಾರ ಕಂಡರೆ ಕೈಮುಗಿಯುವ, ತೇರಿನ ಮೇಲೆ ಸುತ್ತಲೆಂದು ಕಾಯುವ ಗರುಡಕ್ಕೆ ತಲೆ ಎದೆ ಬಿಳಿ, ಉಳಿದ ಮೈ ಕೆಂಗಂದು. ಅದರ ಮರಿಗಳಂತೂ ಆರಂಭದ ವರ್ಷಗಳಲ್ಲಿ ಪೂರಾ ಕಂದು, ಹದ್ದೆಂದೇ ಎಲ್ಲರೂ ತಿಳಿಯುತ್ತಾರೆ. ಬಾಲದ ತುದಿ ದುಂಡಗಿದೆಯೇ, ಕವಲಾಗಿದೆಯೇ ನೋಡಿದರೆ ವ್ಯಾಜ್ಯ ಮುಗಿಯುತ್ತದೆ. ದುಂಡಗಿದ್ದರೆ ಗರುಡದ ಮರಿ.

ಹಾಗಾದರೆ ಬಣ್ಣ ಕೆಟ್ಟ ಗಿಡುಗಗಳೇ ಇಲ್ಲವೇ? ಇವೆ. ಹುಟ್ಟಿನಿಂದಲೇ ಕೆಲವು ಗರಿಗಳಿಗೆ, ಅಥವಾ ಎಲ್ಲಕ್ಕೂ, ಬಣ್ಣದ ಕೋಶಗಳು ತಲುಪದೇ ಹೋಗುವುದುಂಟು. ಲ್ಯೂಸಿಸಂ ಎನ್ನುವುದು ಇದಕ್ಕೆ. ಇಲ್ಲಿ ಕಣ್ಣಿನ ಬಣ್ಣ ಮಾಮೂಲಾಗಿಯೇ ಇರುತ್ತದೆ, ದೃಷ್ಟಿಗೆ ತೊಂದರೆಯಿಲ್ಲ, ಬಿಳಿ ಗರಿಗಳು ಹೆಚ್ಚಾಗಿ ಎರಡೂ ಬದಿಯಲ್ಲಿ ಸಮಸಮವಾಗಿ ಬರುತ್ತವೆ. ಅಮೆರಿಕದ ಕೆಂಪು ಬಾಲದ ಗಿಡುಗದಲ್ಲಿ ಇಂಥವು ಆಗಾಗ ಕಾಣಿಸುತ್ತವೆ. ಪೂರ್ತಿ ಬಿಳಿಯಾದದ್ದೂ ವರ್ಷಗಟ್ಟಲೆ ಬೇಟೆಯಾಡಿ ಬದುಕುವುದುಂಟು. ಇನ್ನೊಂದು, ವಯಸ್ಸಾದಂತೆ ಬಣ್ಣದ ಕೋಶಗಳು ಸಾಯುತ್ತ ಬಂದು ಪ್ರತಿ ಬಾರಿ ಗರಿ ಉದುರಿ ಹುಟ್ಟುವಾಗ ಬಿಳಿ ಹೆಚ್ಚುತ್ತ ಹೋಗುವುದು. ಇದು ಅಲ್ಲೊಂದು ಇಲ್ಲೊಂದು ಗರಿಯಿಂದ ಶುರುವಾಗುತ್ತದೆ. ನಾವು ಕಾಗೆ, ಮೈನಾಗಳಲ್ಲಿ ಕಾಣುವ ಬಿಳಿ ಗರಿಗಳಲ್ಲಿ ಬಹುಪಾಲು ಈ ಬಗೆಯವು. ಗಾಯವಾದ ಕಡೆ ಗರಿ ಬಿಳಿಯಾಗಿ ಹುಟ್ಟುವುದೂ ಇದೆ. ಒಂದೇ ಬದಿಯಲ್ಲಿ ಒಂದೆರಡು ಬಿಳಿ ಗರಿ ಕಂಡರೆ ನನ್ನ ಮನಸ್ಸು ಮೊದಲು ಹೋಗುವುದು ಅತ್ತ.

ಇವೆಲ್ಲಕ್ಕಿಂತ ಮೋಸ ಮಾಡುವುದು ಕಪ್ಪು ಬಣ್ಣವೇ ಕಂದಾಗಿ ಹುಟ್ಟುವ ದೋಷ. ಆ ಕಂದು ಬಿಸಿಲಿಗೆ ನಿಲ್ಲುವುದಿಲ್ಲ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲು ಸಾಕು, ಹಕ್ಕಿ ಹೆಚ್ಚುಕಡಿಮೆ ಬಿಳಿಯಾಗಿಬಿಡುತ್ತದೆ. ಗೊತ್ತುಹಿಡಿಯುವ ದಾರಿ ಒಂದೇ: ರೆಕ್ಕೆ ಬಿಚ್ಚಿದಾಗ, ಮಡಚಿದ ಸ್ಥಿತಿಯಲ್ಲಿ ಇನ್ನೊಂದು ಗರಿಯ ಅಡಿಯಲ್ಲಿ ಮುಚ್ಚಿಹೋಗಿರುವ ಭಾಗವನ್ನು ನೋಡಬೇಕು. ಬಿಸಿಲು ಕಾಣದ ಆ ಅಂಚಿನಲ್ಲಿ ಕಂದು ಉಳಿದಿರುತ್ತದೆ. ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಕ್ಕಿ ಸಂಗ್ರಹದಲ್ಲಿ ದುಡಿದ ಹೈನ್ ವಾನ್ ಗ್ರೌ ಇಂಥ ಬಣ್ಣದೋಷಗಳನ್ನು ವಿಂಗಡಿಸುವುದಕ್ಕಾಗಿ ವರ್ಷಗಟ್ಟಲೆ ಶ್ರಮಪಟ್ಟವರು. ಬಿಳಿ ಕಂಡದ್ದೆಲ್ಲ ಅಲ್ಬಿನೋ ಅಲ್ಲ ಎಂದು ಜಗತ್ತಿಗೆಲ್ಲ ಹೇಳಿ ಹೇಳಿ ಅವರಿಗೆ ಸಾಕಾಗಿರಬೇಕು. ನನಗೆ ಚಿಂತಾಮಣಿ ಒಂದಕ್ಕೆ ಹೇಳಿಯೇ ಸಾಕಾಗಿದೆ.

ಈಗ ಬೆಳಕಿನ ಕಥೆ. ಆಕಾಶದ ಎದುರು ಹಾರುವ ಹಕ್ಕಿಯ ಹೊಟ್ಟೆ ನೆರಳಿನಲ್ಲಿರುತ್ತದೆ. ಸುಮ್ಮನೆ ಗುಂಡಿ ಒತ್ತಿದರೆ ಯಾವ ಹಕ್ಕಿಯೂ ಕಪ್ಪೇ. ಅದಕ್ಕೆಂದು ಬೆಳಕನ್ನು ಹೆಚ್ಚಿಸಿ ತೆಗೆದರೆ ತಿಳಿಗಂದು ಕೂಡ ಬಿಳಿಯಾಗಿ ಸುಟ್ಟುಹೋಗುತ್ತದೆ, ಗರಿಯ ಗೆರೆಗಳು ಮಾಯವಾಗುತ್ತವೆ. ಮದುಮಗನ ಬಿಳಿ ರೇಷ್ಮೆ ಪಂಚೆಯ ನೆರಿಗೆ ಉಳಿಸಲು ನಾವು ಪಡುವ ಪಾಡನ್ನು ಯಾವ ಸ್ಟುಡಿಯೋದವರನ್ನು ಬೇಕಾದರೂ ಕೇಳಿ. ಮೊಬೈಲಂತೂ ನಮ್ಮನ್ನು ಕೇಳದೇ ತಾನೇ ಹೊಳಪು ಏರಿಸಿ, ಮೈ ನುಣುಪು ಮಾಡಿಕೊಡುತ್ತದೆ. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಕೆಮ್ಮಣ್ಣು ಇದಕ್ಕೆ ಇನ್ನೊಂದು ಆಟ ಸೇರಿಸುತ್ತದೆ. ಹೊಸದಾಗಿ ಉತ್ತ ಹೊಲದ ಮೇಲೆ ಹಕ್ಕಿ ತಗ್ಗಿನಲ್ಲಿ ಹಾರಿದರೆ ನೆಲದ ಕೆಂಪು ಬೆಳಕು ರೆಕ್ಕೆಯ ಅಡಿಗೆ ಬಡಿದು, ಬಿಳಿ ಹೊಟ್ಟೆಯ ಗಿಡುಗವೂ ಕೇಸರಿ ಹೊಟ್ಟೆಯದಾಗುತ್ತದೆ. ಅದೇ ಹಕ್ಕಿ ಪಕ್ಕದ ಬಂಡೆಯ ಮೇಲೆ ಬಂದಾಗ ಮತ್ತೆ ಬಿಳಿ. ಅದಕ್ಕೇ ನಾನು ಫೋಟೋದಲ್ಲಿ ಹಕ್ಕಿಗಿಂತ ಮೊದಲು ಬಣ್ಣ ಗೊತ್ತಿರುವ ಬೇರೇನಾದರೂ ಇದೆಯೇ ಎಂದು ಹುಡುಕುತ್ತೇನೆ. ಒಂದು ಕಾಗೆ, ಒಂದು ಹೊಂಗೆ ಎಲೆ, ಒಂದು ಕಲ್ಲು. ಕಾಗೆಯೇ ಬೂದಾಗಿ ಬಿದ್ದಿದ್ದರೆ ಗಿಡುಗದ ಬಿಳಿಯನ್ನು ನಂಬುವುದು ಹೇಗೆ?

ಈ ಎಲ್ಲ ಪಾಠಗಳನ್ನೂ ಒಟ್ಟಿಗೆ ಕಲಿಸುವ ಹಕ್ಕಿ ಜೇನುಗಿಡುಗ. ನೀರಿನ ಟ್ಯಾಂಕಿಗೋ ಹಳೆಯ ಆಲಕ್ಕೋ ಹೆಜ್ಜೇನು ಕಟ್ಟಿರುವ ಕಡೆ ಇದರ ಓಡಾಟ. ಜೇನು, ಕಣಜಗಳ ಮರಿಹುಳುಗಳೇ ಇದರ ಮುಖ್ಯ ಆಹಾರ. ಇದರ ಬಣ್ಣಕ್ಕೆ ಲಗಾಮಿಲ್ಲ. ಕೆನೆಬಿಳಿ ಹೊಟ್ಟೆಯದು, ಇಟ್ಟಿಗೆ ಬಣ್ಣದ್ದು, ಅಡ್ಡಪಟ್ಟೆಯದು, ಉದ್ದಗೆರೆಯದು, ಹತ್ತಿರ ಹತ್ತಿರ ಕಪ್ಪೇ ಎನ್ನಬಹುದಾದ ಕಡುಗಂದಿನದು, ಎಲ್ಲವೂ ಒಂದೇ ಜಾತಿ. ಕೆಲವಕ್ಕೆ ತಮಗಿಂತ ಬಲಶಾಲಿಯಾದ ಜುಟ್ಟಿನ ಗಿಡುಗದ ವೇಷವೇ ಬಂದಿರುತ್ತದೆ. ಬಣ್ಣ ಹಿಡಿದು ಹೊರಟವರು ಇಲ್ಲಿ ದಾರಿ ತಪ್ಪುವುದು ಖಂಡಿತ. ಆಕಾರ ಹಿಡಿದವರು ತಪ್ಪುವುದಿಲ್ಲ. ಮೈಗೆ ಹೋಲಿಸಿದರೆ ಪಾರಿವಾಳದ್ದೇ ಎನ್ನುವಷ್ಟು ಪುಟ್ಟ ತಲೆ, ಮುಂದಕ್ಕೆ ಚಾಚಿದ ಕತ್ತು, ಅಗಲ ರೆಕ್ಕೆ. ಗಂಡಿನ ಕಣ್ಣು ಕಪ್ಪು, ಮುಖ ಬೂದು, ಬಾಲದಲ್ಲಿ ಎರಡು ದಪ್ಪ ಕಪ್ಪು ಪಟ್ಟೆ, ನಡುವೆ ಅಗಲವಾದ ತಿಳಿ ಪಟ್ಟೆ. ಹೆಣ್ಣಿನ ಕಣ್ಣು ಹಳದಿ. ಇಷ್ಟು ಕಂಡರೆ ಮೈ ಯಾವ ಬಣ್ಣವಾದರೂ ಇರಲಿ, ಅದು ಜೇನುಗಿಡುಗ. ಅದರ ಬಿಳಿಯೂ ವಿಶೇಷವಲ್ಲ, ಕಪ್ಪೂ ವಿಶೇಷವಲ್ಲ.

ಹುಲ್ಲುಗಾವಲಿನ ಗಿಡುಗಗಳಾದ ಹ್ಯಾರಿಯರ್‌ಗಳ ಮಾತೂ ಇಷ್ಟೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗೆ ಚಳಿಗಾಲದಲ್ಲಿ ಹೋದವರು ನೋಡಿರಬಹುದು. ಹುಲ್ಲಿನ ಮೇಲೆಯೇ ತೇಲುವ ತಿಳಿಬೂದು ಹಕ್ಕಿ ಗಂಡು, ಅದರ ಹಿಂದೆ ಬರುವ ಕಂದು ಹಕ್ಕಿ ಹೆಣ್ಣೋ ಮರಿಯೋ. ಮೊಂಟಾಗು ಹ್ಯಾರಿಯರ್‌ನಲ್ಲಿ ಅಪರೂಪಕ್ಕೆ ಪೂರ್ತಿ ಕಪ್ಪು ಬಗೆಯೂ ಇದೆ. ಅದು ಸಿಕ್ಕಿದರೆ ನಾನೇ ನಿಮಗೆ ಫೋಟೋ ಕಳುಹಿಸುತ್ತೇನೆ, ನಾಲ್ಕಲ್ಲ, ಎಂಟು ಕಾಲಂ ಹಾಕಿ.

ಹೊರದೇಶಗಳ ಎರಡು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆಸ್ಟ್ರೇಲಿಯಾದ ಬೂದು ಗಾಸ್‌ಹಾಕ್ ಎಂಬ ಡೇಗೆಯಲ್ಲಿ ಬೂದು ಬಗೆಯೂ ಅಚ್ಚ ಬಿಳಿ ಬಗೆಯೂ ಇವೆ. ಟಾಸ್ಮೇನಿಯಾ ದ್ವೀಪದಲ್ಲಿರುವುದು ಬಿಳಿ ಬಗೆ ಮಾತ್ರ. ಅಲ್ಲಿನವರಿಗೆ ಬಿಳಿ ಡೇಗೆ ಸುದ್ದಿಯೇ ಅಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುತ್ತಮುತ್ತ ಡೇಗೆ ಜಾತಿಯ ಕಪ್ಪು ಸ್ಪ್ಯಾರೋಹಾಕ್‌ಗಳಲ್ಲಿ ಕಪ್ಪು ಹೊಟ್ಟೆಯವೇ ಹೆಚ್ಚು. ಆ ಕಡೆ ಮಳೆ ಬೀಳುವುದೂ ಅವು ಮರಿ ಸಾಕುವುದೂ ಚಳಿಗಾಲದಲ್ಲೇ. ಮೋಡದ ಮಬ್ಬಿನಲ್ಲಿ ಕಪ್ಪು ಹೊಟ್ಟೆಯವೂ, ಬೆಳಕು ಜೋರಾಗಿದ್ದಾಗ ಬಿಳಿ ಹೊಟ್ಟೆಯವೂ ಗೂಡಿಗೆ ಹೆಚ್ಚು ಬೇಟೆ ತರುತ್ತವೆ ಎಂದು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಒಂದೇ ಜಾತಿಯಲ್ಲಿ ಎರಡು ಬಣ್ಣ ಉಳಿದುಬರುವುದಕ್ಕೆ ಇಂಥ ಲೌಕಿಕ ಕಾರಣಗಳಿರುತ್ತವೆ. ಶುಭಸೂಚನೆಯ ಹಂಗು ಹಕ್ಕಿಗೆ ಬೇಕಾಗಿಲ್ಲ.

ಇಷ್ಟು ಕೂದಲು ಸೀಳುವುದು ಏಕೆ ಎಂದು ನೀವು ಕೇಳಬಹುದು. ಫೋಟೋ ಬಂದ ಮಾರನೆಯ ದಿನ ಬೆಟ್ಟದ ಬುಡದಲ್ಲಿ ಬೈಕುಗಳ ಸಾಲು ನಿಂತಿತ್ತು. ಯಾರೋ ಡ್ರೋನ್ ಹಾರಿಸಿದ್ದರು. ‘ಅದು ಕೂರುವ ಮರ ಯಾವುದು, ಹಿಡಿಯಲಾದೀತೇ?’ ಎಂದು ನನ್ನ ಅಂಗಡಿಯಲ್ಲೇ ಒಬ್ಬರು ವಿಚಾರಿಸಿದರು. ಈ ಬಾರಿ ಅದು ವಲಸೆಯ ಹಕ್ಕಿ, ಇಲ್ಲಿ ಗೂಡು ಕಟ್ಟುವುದಿಲ್ಲ, ಬೇಸರ ಬಂದರೆ ಇನ್ನೊಂದು ಬೆಟ್ಟಕ್ಕೆ ಹೋದೀತು. ನಾಳೆ ನಿಜವಾಗಿಯೂ ಬಿಳಿ ಶಿಕ್ರಾ ಒಂದು ಯಾರದೋ ಮಾವಿನ ತೋಟದಲ್ಲಿ ಗೂಡು ಕಟ್ಟಿ, ತೋಟದ ಹೆಸರು ನಿಮ್ಮ ಪುಟದಲ್ಲಿ ಬಂದರೆ? ಬಿಳಿ ಹಕ್ಕಿಗೆ ಕಾಗೆಗಳ ಕಾಟವೇ ಸಾಕಷ್ಟಿರುತ್ತದೆ. ಗಿಡುಗವನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬ ಒಂದು ಸಾಲನ್ನಾದರೂ ಫೋಟೋದ ಕೆಳಗೆ ಹಾಕಬಹುದಿತ್ತು. ತೆಂಗಿನ ಮರದಿಂದ ಬಿದ್ದ ಹದ್ದಿನ ಮರಿಯನ್ನು, ಮೈಮೇಲೆ ಬಿಳಿ ತುಪ್ಪುಳವಿದೆ ಎಂಬ ಕಾರಣಕ್ಕೆ, ‘ಬಿಳಿ ಗರುಡದ ಮರಿ’ ಎಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಾಲು ಅನ್ನ ತಿನ್ನಿಸಿ ಸಾಯಿಸುವವರು ನಮ್ಮಲ್ಲಿ ಇದ್ದಾರೆ. ಗಿಡುಗದ ಮರಿಗಳಿಗೆ ಹುಟ್ಟಿದಾಗ ಬಿಳಿಯ ತುಪ್ಪುಳ ಇರುವುದು ಮಾಮೂಲು. ಅಂಥದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಆದ್ದರಿಂದ ನನ್ನ ಕೋರಿಕೆ ಇದು. ಮುಂದೆ ಯಾರಾದರೂ ವಿಚಿತ್ರ ಬಣ್ಣದ ಗಿಡುಗದ ಫೋಟೋ ಕಳುಹಿಸಿದರೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯನ್ನೇ ಅಚ್ಚು ಹಾಕಬೇಡಿ. ಕ್ಯಾಮೆರಾದಿಂದ ಬಂದ ಮೂಲ ಫೈಲು ಕೇಳಿ, ಅದೇ ಹಕ್ಕಿಯ ಬೇರೆ ಕೋನದ ಫ್ರೇಮುಗಳನ್ನೂ ಕೇಳಿ. ಹೊತ್ತು ಎಷ್ಟು, ಸೂರ್ಯ ಯಾವ ಕಡೆಗಿದ್ದ ಎಂದು ವಿಚಾರಿಸಿ. ಬಿಳಿ ಎಲ್ಲೆಲ್ಲಿದೆ, ಎರಡೂ ರೆಕ್ಕೆಯಲ್ಲಿ ಒಂದೇ ಗರಿಗಳಲ್ಲಿದೆಯೇ, ಪಾಪೆಯ ಬಣ್ಣವೇನು ಎಂಬುದು ಗೊತ್ತಾಗುವವರೆಗೆ ‘ಬಿಳಿ ಬಣ್ಣದ ಗಿಡುಗ’ ಎಂದಷ್ಟೇ ಬರೆದರೆ ಪತ್ರಿಕೆಯ ಗೌರವವೇನೂ ಕಡಿಮೆಯಾಗುವುದಿಲ್ಲ. ಜಾಗದ ಹೆಸರಿನ ಬದಲು ತಾಲ್ಲೂಕಿನ ಹೆಸರು ಸಾಕು. ಬೆಂಗಳೂರಿನಲ್ಲಿ ಕುಳಿತ ಪುಟವಿನ್ಯಾಸದವರಿಗೆ ಇದೆಲ್ಲ ತಲೆನೋವು ಅನ್ನಿಸಿದರೆ, ನಿಮ್ಮ ಸ್ಥಳೀಯ ವರದಿಗಾರರು ನನ್ನ ಸ್ಟುಡಿಯೋದ ಮುಂದೆಯೇ ದಿನಾ ಓಡಾಡುತ್ತಾರೆ.

ಕೊನೆಯದಾಗಿ, ಆ ಫೋಟೋ ತೆಗೆದವರಿಗೆ ನಿಮ್ಮ ಮೂಲಕ ಒಂದು ಮಾತು. ಅಂದಿನ ಉಳಿದ ಫ್ರೇಮುಗಳನ್ನು ಮಸುಕು ಎಂದು ಅಳಿಸಿಬಿಡಬೇಡಿ. ಹಕ್ಕಿ ತಿರುಗುವಾಗ ಬೆನ್ನು ಕಂಡ ಫ್ರೇಮು ಒಂದಾದರೂ ಇದ್ದೀತು. ಅದರಲ್ಲಿ ರೆಕ್ಕೆಯ ಮೇಲೆ ಓರೆಯಾಗಿ ಹಾದ ಮಾಸಲು ಪಟ್ಟಿ, ಬಾಲದ ಬುಡದಲ್ಲಿ ತಿಳಿ ಬಣ್ಣದ ಅರ್ಧಚಂದ್ರ ಕಂಡರೆ ನಾನು ಮೇಲೆ ಹೇಳಿದ್ದಕ್ಕೆ ಅದೇ ಸಾಕ್ಷಿ. ಮೂಲ ಫೈಲನ್ನು ದಿನಾಂಕದ ಸಮೇತ, ಹಕ್ಕಿ ನೋಡುವವರು ದಾಖಲೆ ಸೇರಿಸುವ ಜಾಲತಾಣವಾದ ಇ-ಬರ್ಡ್‌ಗೆ ಏರಿಸಿ. ‘ಬೂಟೆಡ್ ಈಗಲ್, ಬಿಳಿ ಬಗೆ’ ಎಂದು ಬರೆದರೆ ಸಾಕು.

ಇತಿ,
ಸ್ಟುಡಿಯೋದವಳು,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ